ವಿಂಡೋ ಹಿಗ್ಗಿದರೆ ಆ ಜಾಗ ಯಾರಿಗೆ? ಡೆಸ್ಕ್‌ಟಾಪ್ ತಂತ್ರಾಂಶದ ಲೇಔಟ್ ಕೆಲಸ ಮಾಡುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗದ ಕಡೆಗಳಲ್ಲೆಲ್ಲ ಹೊಸ ಲ್ಯಾಪ್‌ಟಾಪ್ ಬರುತ್ತಿದೆ. ಹತ್ತಾರು ವರ್ಷ ನಡೆಸಿಕೊಂಡು ಬಂದ ಬಿಲ್ಲಿಂಗ್ ಅಥವಾ ಲೆಕ್ಕದ ತಂತ್ರಾಂಶವನ್ನು ಅದಕ್ಕೆ ಹಾಕಿದಾಗ ಕೆಲವರಿಗೆ ಕೆಳಗಿನ ‘ಸೇವ್’ ಬಟನ್ನೇ ಕಾಣುವುದಿಲ್ಲ. ಕೆಲವರಿಗೆ ಅಕ್ಷರ ಅರ್ಧ ಕತ್ತರಿಸಿದಂತೆ ಕಾಣುತ್ತದೆ. ವಿಂಡೋವನ್ನು ಪೂರ್ತಿ ಪರದೆಗೆ ಹಿಗ್ಗಿಸಿದರೆ ಎಲ್ಲವೂ ಎಡ ಮೇಲಿನ ಮೂಲೆಯಲ್ಲೇ ಮುದುಡಿಕೊಂಡು, ಉಳಿದದ್ದೆಲ್ಲ ಬೂದು ಬಣ್ಣದ ಖಾಲಿ ಬಯಲಾಗಿ ಉಳಿಯುತ್ತದೆ.

ಈ ಮೂರಕ್ಕೂ ಬೇರು ಒಂದೇ. ಯಾವುದು ಎಲ್ಲಿ ಕೂರಬೇಕು, ಎಷ್ಟು ಅಗಲ ಇರಬೇಕು ಎಂಬುದನ್ನು ಬರೆದವರು ಹೇಗೆ ಹೇಳಿದ್ದಾರೆ ಎನ್ನುವುದರಲ್ಲಿ ಅದು ಇದೆ. ಈ ಜೋಡಣೆಗೇ ಲೇಔಟ್ ಎನ್ನುತ್ತಾರೆ. ತಂತ್ರಾಂಶ ಬಳಸುವವರಿಗೆ ಕಾರಣ ಗೊತ್ತಾಗಲಿ, ಬರೆಯಲು ಕಲಿಯುತ್ತಿರುವವರಿಗೆ ದಾರಿ ಸಿಗಲಿ ಎಂದು ಇಲ್ಲಿ ಮೊದಲಿನಿಂದ ಬಿಡಿಸಿ ಹೇಳಿದೆ.

ಹೊಸ ಪರದೆಯಲ್ಲಿ ಜಾಗ ಕಡಿಮೆಯಾಗುವುದು ಹೇಗೆ

ಪರದೆಯ ಮೇಲಿನ ಒಂದೊಂದು ಚುಕ್ಕಿ ಒಂದೊಂದು ಪಿಕ್ಸೆಲ್. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅಡ್ಡಕ್ಕೆ 1366, ಎತ್ತರಕ್ಕೆ 768 ಪಿಕ್ಸೆಲ್ ಇರುವುದು ಮಾಮೂಲಾಗಿತ್ತು. ಈಗ ಸಾಮಾನ್ಯವಾಗಿ 1920×1080. ಪರದೆಯ ಅಳತೆ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ. ಅಷ್ಟೇ ಜಾಗದಲ್ಲಿ ಹೆಚ್ಚು ಚುಕ್ಕಿ ತುಂಬಿದಾಗ ಪ್ರತಿ ಚುಕ್ಕಿ ಚಿಕ್ಕದಾಗುತ್ತದೆ, ಅದರ ಜೊತೆ ಅಕ್ಷರವೂ ಚಿಕ್ಕದಾಗುತ್ತದೆ. ಓದಲು ಕಷ್ಟವಾಗದಿರಲಿ ಎಂದು ವಿಂಡೋಸ್ ಎಲ್ಲವನ್ನೂ 125 ಅಥವಾ 150 ಪರ್ಸೆಂಟಿಗೆ ಹಿಗ್ಗಿಸಿ ತೋರಿಸುತ್ತದೆ. ಇದೇ ಸ್ಕೇಲಿಂಗ್. ವಿಂಡೋಸ್ ಲೆಕ್ಕದಲ್ಲಿ 100 ಪರ್ಸೆಂಟ್ ಎಂದರೆ ಇಂಚಿಗೆ 96 ಪಿಕ್ಸೆಲ್. 125ಕ್ಕೆ ಅದು 120, 150ಕ್ಕೆ 144.

1080 ಪಿಕ್ಸೆಲ್ ಎತ್ತರವನ್ನು ಒಂದೂವರೆಯಿಂದ ಭಾಗಿಸಿದರೆ 720. ಅಂದರೆ 150 ಪರ್ಸೆಂಟಿನಲ್ಲಿರುವ ಹೊಸ ಪರದೆ ತಂತ್ರಾಂಶದ ಪಾಲಿಗೆ 1280×720. ಹಳೆಯದು 768 ಕೊಡುತ್ತಿತ್ತು. ಈ 720ರಲ್ಲಿ ವಿಂಡೋಸ್ 11ರ ಟಾಸ್ಕ್‌ಬಾರ್ 48 ತಿನ್ನುತ್ತದೆ, ವಿಂಡೋದ ಮೇಲಿನ ಹೆಸರಿನ ಪಟ್ಟಿ ಸುಮಾರು 32. ಕೊನೆಗೆ ಕೈಗೆ ಸಿಗುವ ಎತ್ತರ ಸುಮಾರು 640. ಹಳೆಯ ಪರದೆಗೆಂದು 690 ಪಿಕ್ಸೆಲ್ ಎತ್ತರಕ್ಕೆ ಅಳೆದು ಮಾಡಿದ ಫಾರ್ಮ್‌ನ ಕೆಳಗಿನ 50 ಪಿಕ್ಸೆಲ್ ಪರದೆಯಿಂದ ಆಚೆ ಹೋಗುತ್ತದೆ. ‘ಸೇವ್’, ‘ಪ್ರಿಂಟ್’ ಬಟನ್‌ಗಳು ಇರುವುದು ಅಲ್ಲೇ.

ಅಕ್ಷರ ಕತ್ತರಿಸುವುದಕ್ಕೆ ಕಾರಣ ಸ್ವಲ್ಪ ಬೇರೆ. ಸ್ಕೇಲಿಂಗ್ ಬಗ್ಗೆ ಏನೂ ತಿಳಿಯದ ತಂತ್ರಾಂಶವನ್ನು ವಿಂಡೋಸ್ 100 ಪರ್ಸೆಂಟಿನಲ್ಲೇ ಚಿತ್ರ ಬರೆಯಲು ಬಿಟ್ಟು, ಬರೆದ ಚಿತ್ರವನ್ನು ಫೋಟೋ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ. ಆಗ ಅಕ್ಷರ ಮಸುಕಾಗುತ್ತದೆ, ಆದರೆ ಏನೂ ಕತ್ತರಿಸುವುದಿಲ್ಲ. ‘ಸ್ಕೇಲಿಂಗ್ ನಾನೇ ನೋಡಿಕೊಳ್ಳುತ್ತೇನೆ’ ಎಂದು ಘೋಷಿಸಿಕೊಂಡ ತಂತ್ರಾಂಶಕ್ಕೆ ವಿಂಡೋಸ್ ಈ ಸಹಾಯ ಮಾಡುವುದಿಲ್ಲ. ಅಂಥದ್ದು ಫಾಂಟನ್ನು ಮಾತ್ರ ದೊಡ್ಡದು ಮಾಡಿ, ಅದನ್ನು ಹಿಡಿದಿಟ್ಟ ಚೌಕವನ್ನು ಹಳೆಯ ಪಿಕ್ಸೆಲ್ ಅಳತೆಯಲ್ಲೇ ಬಿಟ್ಟರೆ ದೊಡ್ಡ ಅಕ್ಷರ ಚಿಕ್ಕ ಚೌಕದಲ್ಲಿ ಹಿಡಿಸದೆ ಕತ್ತರಿಸಿಹೋಗುತ್ತದೆ.

ತಂತ್ರಾಂಶ ಬಳಸುವವರಿಗೆ ತಾತ್ಕಾಲಿಕ ಪರಿಹಾರವೊಂದಿದೆ. ತಂತ್ರಾಂಶದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿಂದ ಕಂಪ್ಯಾಟಿಬಿಲಿಟಿ, ಅದರೊಳಗೆ ಹೈ ಡಿಪಿಐ ಸೆಟ್ಟಿಂಗ್ಸ್ ತೆರೆಯಿರಿ. ಸ್ಕೇಲಿಂಗ್ ಓವರ್‌ರೈಡ್ ಆಯ್ಕೆಗೆ ಗುರುತು ಹಾಕಿ ‘ಸಿಸ್ಟಮ್’ ಆರಿಸಿದರೆ ಕತ್ತರಿಸಿದ ಅಕ್ಷರ ಸಾಮಾನ್ಯವಾಗಿ ಸರಿಹೋಗುತ್ತದೆ, ಸ್ವಲ್ಪ ಮಸುಕಾಗುತ್ತದೆ ಅಷ್ಟೇ. ಬಟನ್ ಪರದೆಯಾಚೆ ಹೋಗಿದ್ದರೆ ಇದು ಸಾಲದು; ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲನ್ನೇ 125 ಅಥವಾ 100ಕ್ಕೆ ಇಳಿಸಬೇಕು. ನಿಜವಾದ ಪರಿಹಾರ ಇರುವುದು ತಂತ್ರಾಂಶ ಬರೆಯುವವರ ಕೈಯಲ್ಲಿ.

‘ಎಡದಿಂದ 20, ಮೇಲಿನಿಂದ 40’

ಬಟನ್, ಲೇಬಲ್, ಟೆಕ್ಸ್ಟ್ ಬಾಕ್ಸ್, ಟೇಬಲ್ ಮುಂತಾದ ತುಂಡುಗಳಿಗೆ ಒಟ್ಟಾಗಿ ವಿಜೆಟ್ ಎನ್ನುತ್ತಾರೆ. ವಿಜೆಟ್ ಇಡುವ ಅತಿ ಸುಲಭದ ವಿಧಾನ ನಾಲ್ಕು ಸಂಖ್ಯೆ ಹೇಳುವುದು: ಎಡದಿಂದ ಎಷ್ಟು, ಮೇಲಿನಿಂದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು. ಮೌಸ್‌ನಲ್ಲಿ ಎಳೆದು ಫಾರ್ಮ್ ಜೋಡಿಸುವ ಸಾಧನಗಳು ಹಿಂದೆ ಮಾಡುತ್ತಿದ್ದುದೂ ಇದನ್ನೇ. ವಿಷುಯಲ್ ಬೇಸಿಕ್ 6 ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಬರೆದ ಲೆಕ್ಕದ ತಂತ್ರಾಂಶಗಳು ಇವತ್ತಿಗೂ ನಡೆಯುತ್ತಿವೆ.

ಆ ಕಾಲದಲ್ಲಿ ವಿಂಡೋ ಹಿಗ್ಗಿದರೆ ಬೇಕಾದದ್ದನ್ನು ಪ್ರೋಗ್ರಾಮರ್‌ಗಳು ಕೈಯಾರೆ ಮಾಡುತ್ತಿದ್ದರು. ವಿಂಡೋದ ಗಾತ್ರ ಬದಲಾದಾಗಲೆಲ್ಲ ಫಾರ್ಮ್ ರಿಸೈಜ್ ಎಂಬ ಕೋಡ್ ತುಂಡು ಓಡುತ್ತದೆ. ಅದರಲ್ಲಿ ‘ಟೇಬಲ್‌ನ ಎತ್ತರ ಎಂದರೆ ವಿಂಡೋದ ಎತ್ತರದಲ್ಲಿ 1500 ಕಳೆದದ್ದು’ ಎಂಬಂತೆ ಬರೆಯುತ್ತಿದ್ದರು. ಅಳತೆ ಟ್ವಿಪ್ ಎಂಬ ಮಾನದಲ್ಲಿ, ಇಂಚಿಗೆ 1440. ಇದರಲ್ಲೊಂದು ಗುಂಡಿಯಿದೆ: ವಿಂಡೋವನ್ನು ಕೆಳಗಿಳಿಸಿ ಟಾಸ್ಕ್‌ಬಾರ್‌ಗೆ ಕಳಿಸಿದಾಗಲೂ ಈ ಕೋಡ್ ಓಡುತ್ತದೆ. ಆಗ ವಿಂಡೋಗೆ ಎತ್ತರವೆಂಬುದೇ ಇರುವುದಿಲ್ಲ. ಅದರಲ್ಲಿ 1500 ಕಳೆದರೆ ಋಣ ಸಂಖ್ಯೆ ಬರುತ್ತದೆ. ಎತ್ತರಕ್ಕೆ ಋಣ ಸಂಖ್ಯೆ ಕೊಟ್ಟ ಕೂಡಲೇ ‘ರನ್ ಟೈಮ್ ಎರರ್ 380’ ತೋರಿಸಿ ತಂತ್ರಾಂಶ ನಿಲ್ಲುತ್ತದೆ. ಹಳೆಯ ತಂತ್ರಾಂಶದ ವಿಂಡೋ ಇಳಿಸಿದಾಗ ಈ ಸಂಖ್ಯೆ ಕಂಡಿದ್ದರೆ ಕಾರಣ ಬಹುತೇಕ ಇದೇ. ವಿಂಡೋ ಇಳಿದ ಸ್ಥಿತಿಯಲ್ಲಿದ್ದರೆ ಲೆಕ್ಕ ಮಾಡದೆ ಹೊರಬರಬೇಕು ಎಂಬ ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ.

ಐದಾರು ವಿಜೆಟ್ ಇರುವವರೆಗೆ ಈ ಕೈಲೆಕ್ಕ ನಡೆದೀತು. ಮೂವತ್ತು ಆದಾಗ, ನಡುವೆ ಹೊಸದೊಂದು ಬಾಕ್ಸ್ ಸೇರಿಸಬೇಕೆಂದಾಗ ಅದರ ಕೆಳಗಿರುವ ಅಷ್ಟಕ್ಕೂ ಸಂಖ್ಯೆ ತಿದ್ದಬೇಕು.

ಲೇಔಟ್ ಮ್ಯಾನೇಜರ್ ಎಂಬ ಬಡಿಸುವವರು

ಬಾಳೆ ಎಲೆಯಲ್ಲಿ ಬಡಿಸುವುದನ್ನು ನೆನೆಸಿಕೊಳ್ಳಿ. ಎಲೆ ಅಗಲವಿರಲಿ, ಗಿಡ್ಡವಿರಲಿ, ಉಪ್ಪು ಎಡತುದಿಯ ಮೂಲೆಗೇ ಬೀಳುತ್ತದೆ, ಕೋಸಂಬರಿ ಪಲ್ಯಗಳು ಮೇಲಂಚಿನಲ್ಲಿ ಸಾಲಾಗಿ ಕೂರುತ್ತವೆ, ನಡುವೆ ಉಳಿದ ಜಾಗ ಅನ್ನಕ್ಕೆ. ಯಾರೂ ಅಳತೆಪಟ್ಟಿ ಹಿಡಿಯುವುದಿಲ್ಲ. ಎಲೆ ದೊಡ್ಡದಾದರೆ ಉಪ್ಪಿನ ಜಾಗ ಬೆಳೆಯುವುದಿಲ್ಲ, ಅನ್ನದ ಜಾಗ ಬೆಳೆಯುತ್ತದೆ. ಲೇಔಟ್ ಮ್ಯಾನೇಜರ್ ಮಾಡುವುದೂ ಇಷ್ಟೇ. ಪ್ರೋಗ್ರಾಮರ್ ಸಂಬಂಧ ಮಾತ್ರ ಹೇಳುತ್ತಾರೆ: ಇದು ಅದರ ಪಕ್ಕ, ಇದು ಬೆಳೆಯಬಹುದು, ಇದು ಬೆಳೆಯಕೂಡದು. ಪಿಕ್ಸೆಲ್ ಲೆಕ್ಕವನ್ನು ಮ್ಯಾನೇಜರ್ ಪ್ರತಿ ಸಲ ಹೊಸದಾಗಿ ಮಾಡುತ್ತದೆ.

ಆ ಲೆಕ್ಕ ಎರಡು ಸುತ್ತಿನಲ್ಲಿ ನಡೆಯುತ್ತದೆ. ಮೊದಲ ಸುತ್ತು ಒಳಗಿನಿಂದ ಹೊರಕ್ಕೆ. ಪ್ರತಿ ವಿಜೆಟ್‌ಗೆ ‘ನಿನಗೆಷ್ಟು ಜಾಗ ಬೇಕು’ ಎಂಬ ಪ್ರಶ್ನೆ ಹೋಗುತ್ತದೆ. ಬಟನ್ ತನ್ನ ಮೇಲಿನ ಬರಹ, ಈಗಿನ ಫಾಂಟ್, ಸುತ್ತಲಿನ ಅಂಚು ಕೂಡಿಸಿ ಒಂದು ಅಗಲ ಮತ್ತು ಎತ್ತರ ಹೇಳುತ್ತದೆ. ಇದು ಅದರ ಸಹಜ ಅಳತೆ. ಬಟನ್‌ಗಳನ್ನು ಹಿಡಿದಿಟ್ಟ ಫ್ರೇಮ್ ಅವುಗಳ ಅಳತೆ ಕೂಡಿಸಿ ತನ್ನದನ್ನು ಹೇಳುತ್ತದೆ, ಹೀಗೆ ವಿಂಡೋವರೆಗೆ. ಎರಡನೇ ಸುತ್ತು ಹೊರಗಿನಿಂದ ಒಳಕ್ಕೆ. ವಿಂಡೋ ನಿಜವಾಗಿ ಎಷ್ಟಿದೆ ಎಂದು ನೋಡಿ ಜಾಗ ಹಂಚಲಾಗುತ್ತದೆ. ವಿಂಡೋ ಕಟ್ಟಲು ಮೈಕ್ರೋಸಾಫ್ಟ್ ಕೊಡುವ ಡಬ್ಲ್ಯೂಪಿಎಫ್ ಎಂಬ ಸಾಧನದಲ್ಲಿ ಈ ಎರಡು ಸುತ್ತಿಗೆ ಮೆಷರ್ ಮತ್ತು ಅರೇಂಜ್ ಎಂಬ ಹೆಸರೇ ಇದೆ. ಅಂಥದ್ದೇ ಇನ್ನೊಂದು ಸಾಧನವಾದ ಕ್ಯೂಟಿಯಲ್ಲಿ ಮೊದಲ ಸುತ್ತಿನ ಉತ್ತರಕ್ಕೆ ಸೈಜ್ ಹಿಂಟ್ ಎನ್ನುತ್ತಾರೆ.

ಫಾಂಟ್ ದೊಡ್ಡದಾದರೆ, ಭಾಷೆ ಬದಲಾದರೆ, ಸ್ಕೇಲಿಂಗ್ ಏರಿದರೆ ಮೊದಲ ಸುತ್ತಿನ ಉತ್ತರ ತಾನಾಗಿ ಬದಲಾಗುತ್ತದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ತನ್ನ ಮೊದಲ ಆವೃತ್ತಿಯಿಂದಲೇ ಲೇಔಟ್ ಮ್ಯಾನೇಜರ್ ಇಟ್ಟುಕೊಂಡು ಬಂದದ್ದು ಇದಕ್ಕಾಗಿಯೇ. ಒಂದೇ ಪ್ರೋಗ್ರಾಮ್ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಓಡಬೇಕಿತ್ತು, ಒಂದೊಂದರಲ್ಲೂ ಬಟನ್‌ನ ಅಳತೆ ಒಂದೊಂದು.

ಸಹಜ ಅಳತೆಗಿಂತ ವಿಂಡೋ ದೊಡ್ಡದಿದ್ದರೆ ಉಳಿದ ಜಾಗ ಯಾರಿಗೆ? ಚಿಕ್ಕದಿದ್ದರೆ ಯಾರು ಬಿಟ್ಟುಕೊಡಬೇಕು? ಲೇಔಟ್‌ನಲ್ಲಿ ತೀರ್ಮಾನಿಸಬೇಕಾದದ್ದು ಬಹುಮಟ್ಟಿಗೆ ಈ ಎರಡೇ. ಇವಕ್ಕೆ ಉತ್ತರ ಗೊತ್ತಿಲ್ಲದೆ ಕೋಡ್ ಬರೆಯಲು ಕೂತರೆ ಯಾವ ಸಾಧನವೂ ಕೈಹಿಡಿಯುವುದಿಲ್ಲ.

ಹಾಲಿನ ಡೈರಿಯ ಒಂದು ವಿಂಡೋ

ಪೈಥಾನ್ ಭಾಷೆಯ ಜೊತೆಗೇ ಬರುವ ಟಿಕೆಇಂಟರ್‌ನಲ್ಲಿ ಒಂದು ವಿಂಡೋ ಕಟ್ಟಿ ನೋಡೋಣ. ಟಿಕೆ ಎಂಬ ವಿಂಡೋ ಕಟ್ಟುವ ಸಾಧನವನ್ನು ಪೈಥಾನ್‌ನಿಂದ ಬಳಸಲು ಇರುವ ದಾರಿ ಅದು. ಹಳ್ಳಿಯ ಹಾಲಿನ ಡೈರಿಯ ಬೆಳಗಿನ ಲೆಕ್ಕ ಎಂದುಕೊಳ್ಳಿ. ಎಡಕ್ಕೆ ಒಂದರ ಕೆಳಗೊಂದು ನಾಲ್ಕು ಬಾಕ್ಸ್: ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ). ಬಲಕ್ಕೆ ಅಂದು ಹಾಲು ಹಾಕಿದವರ ಟೇಬಲ್. ಕೆಳಗೆ ‘ಉಳಿಸಿ’, ‘ಮುದ್ರಿಸಿ’ ಬಟನ್‌ಗಳು.

ಕೋಡ್‌ಗೆ ಮೊದಲು ತೀರ್ಮಾನ. ಲೇಬಲ್ ಬೆಳೆಯುವ ಅಗತ್ಯವಿಲ್ಲ. ಸದಸ್ಯರ ಸಂಖ್ಯೆ ಬರೆಯುವ ಬಾಕ್ಸ್ ಸ್ವಲ್ಪ ಅಗಲವಾದರೆ ಸಾಕು, ಎತ್ತರ ಬೆಳೆಯಕೂಡದು; ಒಂದು ಸಾಲಿನ ಬಾಕ್ಸ್ ಎರಡು ಇಂಚು ಎತ್ತರವಾದರೆ ನೋಡಲಾಗದು. ಹೆಚ್ಚು ಜಾಗದಿಂದ ನಿಜವಾದ ಉಪಯೋಗ ಟೇಬಲ್‌ಗೆ, ಏಕೆಂದರೆ ಹೆಚ್ಚು ಸಾಲು ಒಮ್ಮೆಗೆ ಕಾಣುತ್ತವೆ. ಬಟನ್‌ಗಳು ಇದ್ದಷ್ಟೇ ಇದ್ದು ಬಲತುದಿಗೆ ಅಂಟಿರಬೇಕು.

ಟಿಕೆಇಂಟರ್‌ನ ಗ್ರಿಡ್ ವಿಂಡೋವನ್ನು ಅಡ್ಡಸಾಲು ಮತ್ತು ಕಂಬಸಾಲುಗಳಾಗಿ ಹಂಚುತ್ತದೆ, ಎಣಿಕೆ 0ಯಿಂದ ಶುರು. ಲೇಬಲ್‌ಗಳು ಕಂಬಸಾಲು 0ರಲ್ಲಿ, ಬಾಕ್ಸ್‌ಗಳು 1ರಲ್ಲಿ, ಟೇಬಲ್ 2ರಲ್ಲಿ. ನಾಲ್ಕು ಬಾಕ್ಸ್‌ಗಳು ಅಡ್ಡಸಾಲು 0ಯಿಂದ 3ರವರೆಗೆ. ಅಡ್ಡಸಾಲು 4 ಎಡಭಾಗದಲ್ಲಿ ಖಾಲಿ, ಟೇಬಲ್ ಮಾತ್ರ 0ಯಿಂದ 4ರವರೆಗೆ ಐದೂ ಸಾಲಿಗೆ ಹಬ್ಬುತ್ತದೆ. ಬಟನ್‌ಗಳ ಫ್ರೇಮ್ ಅಡ್ಡಸಾಲು 5ರಲ್ಲಿ ಮೂರೂ ಕಂಬಸಾಲಿಗೆ ಚಾಚಿರುತ್ತದೆ. ಅಡ್ಡಸಾಲು 4ನ್ನು ಖಾಲಿ ಬಿಟ್ಟದ್ದು ಬೇಕೆಂದೇ. ಅದು ಇಲ್ಲದಿದ್ದರೆ ಟೇಬಲ್‌ನ ಎತ್ತರ ಮೇಲಿನ ನಾಲ್ಕು ಸಾಲಿಗೂ ಹಂಚಿಹೋಗಿ, ಬಾಕ್ಸ್‌ಗಳು ಒಂದಕ್ಕೊಂದು ದೂರ ದೂರ ಚದುರಿ ನಿಲ್ಲುತ್ತವೆ.

ಈಗ ವೇಟ್. ಮಿಕ್ಕ ಜಾಗದಲ್ಲಿ ಯಾವ ಸಾಲಿಗೆ ಎಷ್ಟು ಪಾಲು ಎಂದು ಹೇಳುವ ಸಂಖ್ಯೆ ಇದು. ಕಂಬಸಾಲು 0ಗೆ 0, 1ಕ್ಕೆ 1, 2ಕ್ಕೆ 3 ಕೊಡಿ. ಅಡ್ಡಸಾಲು 4ಕ್ಕೆ 1, ಬೇರೆ ಯಾವುದಕ್ಕೂ ಇಲ್ಲ. ಕಂಬಸಾಲುಗಳ ಸಹಜ ಅಗಲ 110, 150, 380 ಆಗಿದ್ದರೆ ಒಟ್ಟು 640. ವಿಂಡೋವನ್ನು 1000ಕ್ಕೆ ಹಿಗ್ಗಿಸಿದಾಗ ಮಿಕ್ಕದ್ದು 360. ಅದರಲ್ಲಿ ನಾಲ್ಕನೇ ಒಂದು ಪಾಲು 90 ಬಾಕ್ಸ್‌ಗಳಿಗೆ, 270 ಟೇಬಲ್‌ಗೆ. ಹೊಸ ಅಗಲ 110, 240, 650. ವೇಟ್ 1 ಮತ್ತು 3 ಕೊಟ್ಟರೆ ಅಗಲವೇ 1ಕ್ಕೆ 3ರಂತೆ ಬರುತ್ತದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಆ ಪ್ರಮಾಣದಲ್ಲಿ ಹಂಚಿಕೆಯಾಗುವುದು ಮಿಕ್ಕ ಜಾಗ ಮಾತ್ರ. ಅಗಲವೇ ಆ ಪ್ರಮಾಣದಲ್ಲಿ ಬೇಕಿದ್ದರೆ ಎರಡೂ ಕಂಬಸಾಲಿಗೆ ಯೂನಿಫಾರ್ಮ್ ಎಂಬ ಆಯ್ಕೆಯಲ್ಲಿ ಒಂದೇ ಗುಂಪಿನ ಹೆಸರು ಕೊಡಬೇಕು. ಡಬ್ಲ್ಯೂಪಿಎಫ್‌ನ ಗ್ರಿಡ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿದ ಅಳತೆಗಳು ಬೇರೆ ರೀತಿ: ಅಲ್ಲಿ ಲೇಬಲ್‌ನ 110 ತೆಗೆದು ಉಳಿದ 890 ಪೂರ್ತಿಯಾಗಿ 1ಕ್ಕೆ 3ರಂತೆ, 222.5 ಮತ್ತು 667.5 ಆಗಿ ಒಡೆಯುತ್ತದೆ.

ಕೊನೆಯದು ಸ್ಟಿಕಿ. ಅಡ್ಡಸಾಲು ಕಂಬಸಾಲು ಕೂಡುವಲ್ಲಿ ಆಗುವ ಕೋಣೆ ಬೆಳೆದರೂ ಒಳಗಿನ ವಿಜೆಟ್ ಬೆಳೆಯಬೇಕೆಂದಿಲ್ಲ. ಕೋಣೆಯ ಯಾವ ಗೋಡೆಗಳಿಗೆ ಅದು ಅಂಟಿಕೊಳ್ಳಬೇಕು ಎಂದು ಸ್ಟಿಕಿ ಹೇಳುತ್ತದೆ, ನಾಲ್ಕು ದಿಕ್ಕಿನ ಇಂಗ್ಲಿಷ್ ಮೊದಲಕ್ಷರಗಳಲ್ಲಿ. ಟೇಬಲ್‌ಗೆ ನಾಲ್ಕೂ ದಿಕ್ಕು, ಒಂದು ಸಾಲಿನ ಬಾಕ್ಸ್‌ಗೆ ಪೂರ್ವ ಪಶ್ಚಿಮ, ಲೇಬಲ್‌ಗೆ ಪಶ್ಚಿಮ ಒಂದೇ. ಬಟನ್‌ಗಳ ಫ್ರೇಮ್‌ಗೆ ಪೂರ್ವ ಮಾತ್ರ ಕೊಟ್ಟರೆ ಅದು ಬಲತುದಿಗೆ ಹೋಗಿ ನಿಲ್ಲುತ್ತದೆ.

ಎಲ್ಲಿ ಕೈಕೊಡುತ್ತದೆ

ವಿಂಡೋ ಹಿಗ್ಗಿಸಿದಾಗ ಎಲ್ಲವೂ ಎಡ ಮೇಲಿನ ಮೂಲೆಯಲ್ಲೇ ಉಳಿದರೆ ವೇಟ್ ಕೊಟ್ಟಿಲ್ಲ ಎಂದರ್ಥ. ಹೇಳದಿದ್ದರೆ ಅದು 0. ಎಲ್ಲರ ಪಾಲೂ 0 ಆದಾಗ ಟಿಕೆ ಇಡೀ ಗ್ರಿಡ್ಡನ್ನು ಆ ಮೂಲೆಗೆ ಇಡುತ್ತದೆ. ಟೇಬಲ್ ಮೂಲೆ ಬಿಟ್ಟು ನಡುವೆ ಬಂದು ನಿಂತು, ಗಾತ್ರ ಮಾತ್ರ ಬದಲಾಗದಿದ್ದರೆ ವೇಟ್ ಇದೆ, ಸ್ಟಿಕಿ ಇಲ್ಲ.

ಇವೆರಡೂ ಸರಿಯಿದ್ದು ಟೇಬಲ್ ಬೆಳೆಯದಿದ್ದರೆ ಹೊರಗಿನಿಂದ ಒಳಕ್ಕೆ ಸರಪಳಿ ನೋಡುತ್ತಾ ಬನ್ನಿ. ವಿಂಡೋದೊಳಗೆ ಫ್ರೇಮ್, ಫ್ರೇಮ್‌ನೊಳಗೆ ಟೇಬಲ್ ಇದ್ದರೆ ಫ್ರೇಮ್‌ಗೆ ವೇಟ್ ಕೊಟ್ಟರೆ ಸಾಲದು, ವಿಂಡೋಗೂ ಕೊಡಬೇಕು. ವಿಂಡೋ ತನ್ನ ಮಿಕ್ಕ ಜಾಗವನ್ನು ಫ್ರೇಮ್‌ಗೆ ಕೊಡದೆ ಫ್ರೇಮ್ ಅದನ್ನು ಟೇಬಲ್‌ಗೆ ಕೊಡುವುದೆಲ್ಲಿಂದ? ಕಲಿಯುವವರು ಗಂಟೆಗಟ್ಟಲೆ ಸಿಕ್ಕಿಹಾಕಿಕೊಳ್ಳುವ ಜಾಗ ಇದೇ. ಇದಕ್ಕೆ ನನಗೆ ತಿಳಿದ ಉತ್ತಮ ಉಪಾಯ ಬಣ್ಣ. ಪ್ರತಿ ಫ್ರೇಮ್‌ಗೆ ಕೆಂಪು, ಹಸಿರು, ಹಳದಿ ಎಂದು ಬೇರೆ ಬೇರೆ ಹಿನ್ನೆಲೆ ಬಣ್ಣ ಹಾಕಿ ವಿಂಡೋ ಎಳೆದರೆ, ಜಾಗ ಯಾವ ಫ್ರೇಮ್‌ನವರೆಗೆ ಬಂದು ನಿಂತಿದೆ ಎಂದು ಕಣ್ಣಿಗೇ ಕಾಣುತ್ತದೆ.

ಟಿಕೆಯಲ್ಲಿ ಗ್ರಿಡ್ ಅಲ್ಲದೆ ಪ್ಯಾಕ್ ಎಂಬ ಇನ್ನೊಂದು ಮ್ಯಾನೇಜರ್ ಇದೆ. ಒಂದೇ ಫ್ರೇಮ್‌ನಲ್ಲಿ ಎರಡನ್ನೂ ಬಳಸಕೂಡದು. ಒಬ್ಬರು ಹಾಕಿದ ಅಳತೆಯನ್ನು ಇನ್ನೊಬ್ಬರು ತಿದ್ದುತ್ತಾ ಹೋಗಿ, ಹಿಂದಿನ ಆವೃತ್ತಿಗಳಲ್ಲಿ ಪ್ರೋಗ್ರಾಮ್ ಹಾಗೇ ಸ್ತಬ್ಧವಾಗುತ್ತಿತ್ತು. ಈಗ ದೋಷದ ಸಂದೇಶ ಬರುತ್ತದೆ. ಬೇರೆ ಬೇರೆ ಫ್ರೇಮ್‌ಗಳಲ್ಲಿ ಬೇರೆ ಬೇರೆ ಮ್ಯಾನೇಜರ್ ಇದ್ದರೆ ತೊಂದರೆಯಿಲ್ಲ.

ಕುಗ್ಗುವಾಗ

ಹಿಗ್ಗುವುದನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಕುಗ್ಗುವುದನ್ನು ಮರೆಯುತ್ತಾರೆ. ಗ್ರಿಡ್‌ನಲ್ಲಿ ವೇಟ್ ಇದ್ದವರೇ ಅದೇ ಪ್ರಮಾಣದಲ್ಲಿ ಬಿಟ್ಟುಕೊಡುತ್ತಾರೆ. ನಮ್ಮ ವಿಂಡೋ 640ರಿಂದ 560ಕ್ಕೆ ಇಳಿದರೆ ಬಾಕ್ಸ್‌ಗಳು 20, ಟೇಬಲ್ 60 ಕಳೆದುಕೊಳ್ಳುತ್ತವೆ. ಲೇಬಲ್ ಹಾಗೇ ಉಳಿಯುತ್ತದೆ. ಇದಕ್ಕಿಂತ ಚಿಕ್ಕದಾಗಬೇಡ ಎನ್ನಲು ಪ್ರತಿ ಸಾಲಿಗೂ ಮಿನ್‌ಸೈಜ್ ಕೊಡಬಹುದು.

ಪ್ಯಾಕ್‌ನ ನಡವಳಿಕೆ ಬೇರೆ. ಅದು ಬಂದವರಿಗೆ ಬಂದ ಕ್ರಮದಲ್ಲಿ ಜಾಗ ಕೊಡುತ್ತದೆ, ಕೊನೆಯಲ್ಲಿ ಬಂದವರಿಗೆ ಉಳಿದದ್ದು. ಮೊದಲು ಟೇಬಲ್, ನಂತರ ಕೆಳಗಿನ ಬಟನ್‌ಗಳು ಎಂದು ಬರೆದರೆ ವಿಂಡೋ ಕುಗ್ಗಿಸಿದಾಗ ಮೊದಲು ಮಾಯವಾಗುವುದು ಬಟನ್‌ಗಳೇ. ಆದ್ದರಿಂದ ಬಟನ್ ಸಾಲನ್ನು ಕೆಳಬದಿಗೆಂದು ಹೇಳಿ ಮೊದಲು ಪ್ಯಾಕ್ ಮಾಡಿ, ಟೇಬಲ್ಲನ್ನು ಕೊನೆಯಲ್ಲಿ ಮಾಡಬೇಕು. ಸಾಲುಗಳ ಕ್ರಮ ಬದಲಿಸಿದರೆ ಸಾಕು, ಬೇರೇನೂ ಬೇಡ. ಜಾವಾದ ಗ್ರಿಡ್‌ಬ್ಯಾಗ್ ಲೇಔಟ್‌ನಲ್ಲಿ ಕುಗ್ಗುವಿಕೆ ಇನ್ನೂ ಒರಟು. ಸಹಜ ಅಳತೆಗೆ ಜಾಗ ಸಾಲದಾದ ಕೂಡಲೇ ಅದು ಎಲ್ಲರ ಕನಿಷ್ಠ ಅಳತೆಗೆ ಹಾರುತ್ತದೆ, ಟೆಕ್ಸ್ಟ್ ಬಾಕ್ಸ್‌ಗಳು ಒಮ್ಮೆಲೇ ಗೆರೆಯಷ್ಟು ಸಣ್ಣವಾಗುತ್ತವೆ.

ವಿಂಡೋಗೇ ಒಂದು ಕನಿಷ್ಠ ಗಾತ್ರ ಕಟ್ಟಿಬಿಡುವುದು ಒಳ್ಳೆಯದು. ಅದನ್ನು ಅಂದಾಜಿನ ಮೇಲೆ ಬರೆಯಬೇಡಿ. ವಿಜೆಟ್‌ಗಳೆಲ್ಲ ಇಟ್ಟಾದ ಮೇಲೆ ಟಿಕೆಗೆ ಬಾಕಿ ಕೆಲಸ ಮುಗಿಸಲು ಹೇಳಿ, ವಿಂಡೋ ಕೇಳುವ ಅಗಲ ಎತ್ತರಗಳನ್ನು ಅದರಿಂದಲೇ ಪಡೆದು ಕನಿಷ್ಠವಾಗಿ ಕೊಡಿ. ಆ ಎತ್ತರ 600 ಮೀರುತ್ತಿದ್ದರೆ ಮೇಲೆ ಹೇಳಿದ 640ರ ಲೆಕ್ಕ ನೆನಪಿಡಿ: ಫಾರ್ಮನ್ನು ಟ್ಯಾಬ್‌ಗಳಾಗಿ ಒಡೆಯಬೇಕು ಅಥವಾ ಸ್ಕ್ರೋಲ್ ಆಗುವ ಭಾಗದೊಳಗೆ ಇಡಬೇಕು. ಕ್ಯೂಟಿಯಲ್ಲಿ ಸ್ಕ್ರೋಲ್ ಏರಿಯಾ ಸಿದ್ಧವಾಗಿ ಸಿಗುತ್ತದೆ. ಟಿಕೆಯಲ್ಲಿ ಫ್ರೇಮ್ ತಾನಾಗಿ ಸ್ಕ್ರೋಲ್ ಆಗುವುದಿಲ್ಲ, ಸ್ಕ್ರೋಲ್ ಆಗಬಲ್ಲ ಕ್ಯಾನ್ವಾಸ್ ಎಂಬ ವಿಜೆಟ್‌ನೊಳಗೆ ಕೂರಿಸಬೇಕು. ಬಟನ್‌ಗಳನ್ನು ಮಾತ್ರ ಸ್ಕ್ರೋಲ್‌ನ ಹೊರಗೇ ಇಡಿ.

ಉಳಿದ ಸಾಧನಗಳಲ್ಲಿ

ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯ ವಿಂಡೋಸ್ ಫಾರ್ಮ್ಸ್‌ನಲ್ಲಿ ಈ ಕೆಲಸ ಮಾಡುವುದು ಆ್ಯಂಕರ್ (ಯಾವ ಅಂಚಿಗೆ ಅಂಟಬೇಕು) ಮತ್ತು ಡಾಕ್ (ಯಾವ ಬದಿಯನ್ನು ಪೂರ್ತಿ ತುಂಬಬೇಕು). ಆ್ಯಂಕರ್ ಹೇಳದಿದ್ದರೆ ಅದು ಮೇಲೆ ಮತ್ತು ಎಡಕ್ಕೆ ಎಂದೇ ಇರುತ್ತದೆ. ಎಷ್ಟೋ ತಂತ್ರಾಂಶಗಳು ಮೂಲೆಗೆ ಅಂಟಿಕೊಂಡಿರುವುದು ಇದರಿಂದಲೇ. ಎಡ ಬಲ ಎರಡೂ ಕೊಟ್ಟರೆ ವಿಜೆಟ್ ಅಗಲವಾಗುತ್ತದೆ. ಆದರೆ ಅಕ್ಕಪಕ್ಕದ ಎರಡು ಬಾಕ್ಸ್‌ಗೂ ಹಾಗೇ ಕೊಟ್ಟರೆ ಎರಡೂ ಬೆಳೆದು ಒಂದರ ಮೇಲೊಂದು ಏರುತ್ತವೆ, ಏಕೆಂದರೆ ಆ್ಯಂಕರ್ ನೋಡುವುದು ವಿಂಡೋದ ಅಂಚನ್ನು, ಪಕ್ಕದವರನ್ನಲ್ಲ. ಪಕ್ಕದವರನ್ನು ನೋಡಿ ಹಂಚುವ ಟೇಬಲ್ ಲೇಔಟ್ ಪ್ಯಾನೆಲ್ 2005ರ ಡಾಟ್‌ನೆಟ್ 2.0ರಲ್ಲಿ ಬಂತು. ಬೆಳೆಯಬೇಕಾದ ಎರಡು ಅಥವಾ ಹೆಚ್ಚು ಬಾಕ್ಸ್ ಅಕ್ಕಪಕ್ಕ ಇದ್ದರೆ ಅದನ್ನೇ ಬಳಸಿ.

ಡಬ್ಲ್ಯೂಪಿಎಫ್‌ನಲ್ಲಿ ಟೇಬಲ್ ಸ್ಕ್ರೋಲ್ ಆಗದೆ ಕೆಳಕ್ಕೆ ಹರಿದುಹೋದರೆ ಅದು ಸ್ಟ್ಯಾಕ್ ಪ್ಯಾನೆಲ್‌ನೊಳಗಿದೆಯೇ ನೋಡಿ. ಜೋಡಿಸುವ ದಿಕ್ಕಿನಲ್ಲಿ ‘ಎಷ್ಟು ಬೇಕಾದರೂ ಜಾಗವಿದೆ’ ಎಂದು ಸ್ಟ್ಯಾಕ್ ಪ್ಯಾನೆಲ್ ಹೇಳುತ್ತದೆ. ಸಾವಿರ ಸಾಲಿನ ಟೇಬಲ್ ಅದನ್ನು ನಂಬಿ ಸಾವಿರ ಸಾಲಿನಷ್ಟು ಉದ್ದವಾಗುತ್ತದೆ. ಅದನ್ನು ಗ್ರಿಡ್‌ನ ನಕ್ಷತ್ರ ಅಳತೆಯ ಸಾಲಿಗೆ ಹಾಕಿದರೆ ಸರಿ. ಕ್ಯೂಟಿ ಕಲಿಯುವವರು ಮೇನ್ ವಿಂಡೋಗೆ ನೇರವಾಗಿ ಲೇಔಟ್ ಹಾಕಿ ‘ಇದಕ್ಕೆ ಆಗಲೇ ಲೇಔಟ್ ಇದೆ’ ಎಂಬ ಎಚ್ಚರಿಕೆ ನೋಡುತ್ತಾರೆ. ಮೆನು, ಟೂಲ್‌ಬಾರ್‌ಗಳಿಗೆಂದು ಅದಕ್ಕೆ ತನ್ನದೇ ಲೇಔಟ್ ಇರುತ್ತದೆ. ನಮ್ಮದನ್ನು ಒಂದು ಸಾದಾ ವಿಜೆಟ್‌ಗೆ ಹಾಕಿ, ಆ ವಿಜೆಟ್ಟನ್ನು ನಡುವಿನ ವಿಜೆಟ್ ಆಗಿ ಕೊಡಬೇಕು.

ಆ್ಯಪಲ್ 2011ರ ಓಎಸ್ ಎಕ್ಸ್ ಲಯನ್‌ನಲ್ಲಿ ಬೇರೆಯದೇ ದಾರಿ ಹಿಡಿಯಿತು. ಅದರ ಆಟೋ ಲೇಔಟ್‌ನಲ್ಲಿ ಸಾಲು ಕಂಬಗಳ ಬದಲು ಸಮೀಕರಣಗಳಿರುತ್ತವೆ: ‘ಈ ಬಟನ್‌ನ ಎಡ ಅಂಚು ಆ ಬಟನ್‌ನ ಬಲ ಅಂಚಿಗಿಂತ 8 ಹೆಚ್ಚು’ ಎಂಬಂಥವು. ಅವನ್ನೆಲ್ಲ ಒಟ್ಟಿಗೆ ಬಿಡಿಸುವುದು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಬೆಳೆದ ಕ್ಯಾಸೊವರಿ ಎಂಬ ಕ್ರಮವಿಧಿ. ಒಂದೊಂದು ನಿಯಮಕ್ಕೂ 1ರಿಂದ 1000ದವರೆಗೆ ಆದ್ಯತೆ ಇರುತ್ತದೆ, 1000 ಎಂದರೆ ಮೀರುವಂತಿಲ್ಲ. ಬರಹ ಕತ್ತರಿಸದಂತೆ ತಡೆಯುವ ಆದ್ಯತೆ ಸಾಮಾನ್ಯವಾಗಿ 750, ಬೇಡದಷ್ಟು ಹಿಗ್ಗದಂತೆ ತಡೆಯುವುದು 250. ನಿಯಮಗಳು ಒಂದಕ್ಕೊಂದು ವಿರುದ್ಧವಾದರೆ ಯಾವುದೋ ಒಂದನ್ನು ಮುರಿದು, ಯಾವುದನ್ನು ಮುರಿಯಿತು ಎಂದು ದಾಖಲೆಯಲ್ಲಿ ಬರೆಯುತ್ತದೆ.

ಕನ್ನಡ ಹಾಕಿದಾಗ

ಇಂಗ್ಲಿಷಿಗೆ ಅಳೆದು ಮಾಡಿದ ಫಾರ್ಮ್‌ಗೆ ಕನ್ನಡ ಹಾಕಿದಾಗ ಅಗಲಕ್ಕಿಂತ ಎತ್ತರ ಹೆಚ್ಚು ಕಾಡುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ರಾಷ್ಟ್ರ’ದಂಥ ಪದದಲ್ಲಿ ಎರಡು ಒತ್ತು ಬರುತ್ತವೆ. ಲೇಬಲ್‌ಗೆ 16 ಪಿಕ್ಸೆಲ್ ಎತ್ತರ ಕಟ್ಟಿಟ್ಟರೆ ಇಂಗ್ಲಿಷ್ ಸರಿಯಾಗಿ ಹಿಡಿಸುತ್ತದೆ, ಕನ್ನಡದ ಕೆಳಭಾಗ ಕತ್ತರಿಸುತ್ತದೆ. ‘ಮೊತ್ತ’ ಎಂಬುದು ‘ಮೊತ’ ಎಂದು ಕಾಣುತ್ತದೆ. ಲೇಬಲ್‌ಗೆ ಎತ್ತರ ಹೇಳದೆ ಸಹಜ ಅಳತೆಗೆ ಬಿಟ್ಟರೆ ಫಾಂಟ್ ತನಗೆ ಬೇಕಾದ ಸಾಲಿನ ಎತ್ತರವನ್ನು ತಾನೇ ಹೇಳಿಕೊಳ್ಳುತ್ತದೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ಇದಕ್ಕೆ ಲೇಬಲ್‌ನ ಆಟೋಸೈಜ್ ಆನ್ ಇರಬೇಕು. ಫಾಂಟ್‌ಗೆ ನಿರ್ಮಲಾ ಯುಐ ಆರಿಸಿಕೊಳ್ಳಬಹುದು, ವಿಂಡೋಸ್ 8ರಿಂದ ಅದು ಜೊತೆಗೇ ಬರುತ್ತದೆ.

ಟೇಬಲ್‌ನ ಸಾಲಿಗೆ ಮಾತ್ರ ಬೇರೆ ಎಚ್ಚರ ಬೇಕು. ಟಿಕೆಯಲ್ಲಿ ಟೇಬಲ್ ತೋರಿಸುವ ಟ್ರೀವ್ಯೂ ವಿಜೆಟ್‌ನಲ್ಲಿ ಸಾಲಿನ ಎತ್ತರ ಸ್ಟೈಲ್‌ನಲ್ಲಿ ಪಿಕ್ಸೆಲ್ ಲೆಕ್ಕದಲ್ಲಿ ಇರುತ್ತದೆ. ಫಾಂಟ್‌ನಿಂದ ಸಾಲಿನ ಎತ್ತರ ಕೇಳಿ ಪಡೆದು, ಅದಕ್ಕೆ 4 ಅಥವಾ 6 ಸೇರಿಸಿ ಅಲ್ಲಿ ಕೊಡಬೇಕು. ಲಿನಕ್ಸ್‌ನಲ್ಲಿ ಟಿಕೆ 8.6 ಒತ್ತಕ್ಷರಗಳನ್ನೇ ಸರಿಯಾಗಿ ಕೂಡಿಸುವುದಿಲ್ಲ. ಅಲ್ಲಿ ಕನ್ನಡ ಬೇಕಿದ್ದರೆ ಕ್ಯೂಟಿ ಅಥವಾ ಅಂಥದ್ದೇ ಇನ್ನೊಂದು ಸಾಧನವಾದ ಜಿಟಿಕೆ ಆರಿಸಿಕೊಳ್ಳುವುದು ಮೇಲು.

ಎಳೆಯುವಾಗ ತಡವರಿಸಿದರೆ

ವಿಂಡೋದ ಅಂಚು ಹಿಡಿದು ಎಳೆಯುವಾಗ ಗಾತ್ರ ಬದಲಾಯಿತೆಂಬ ಸೂಚನೆ ಒಂದರ ಹಿಂದೊಂದು ಬರುತ್ತಲೇ ಇರುತ್ತದೆ. ಆ ಸೂಚನೆಗೆ ಡೇಟಾಬೇಸ್ ಓದುವ ಅಥವಾ ಚಾರ್ಟ್ ಹೊಸದಾಗಿ ಬರೆಯುವ ಕೆಲಸ ಕಟ್ಟಿದ್ದರೆ ಎಳೆತ ತಡವರಿಸುತ್ತದೆ. ಭಾರದ ಕೆಲಸವನ್ನು 150 ಮಿಲಿಸೆಕೆಂಡ್ ಮುಂದೂಡಿ, ಅಷ್ಟರಲ್ಲಿ ಇನ್ನೊಂದು ಸೂಚನೆ ಬಂದರೆ ಹಿಂದಿನದನ್ನು ರದ್ದು ಮಾಡಿ. ಆಗ ಕೈ ನಿಂತ ಮೇಲೆ ಒಮ್ಮೆ ಮಾತ್ರ ಕೆಲಸ ನಡೆಯುತ್ತದೆ. ಟಿಕೆಯಲ್ಲಿ ಈ ಸೂಚನೆಯ ಹೆಸರು ಕಾನ್ಫಿಗರ್. ಅದನ್ನು ಮುಖ್ಯ ವಿಂಡೋಗೆ ಕಟ್ಟಿದರೆ ಒಳಗಿನ ಪ್ರತಿ ವಿಜೆಟ್‌ನ ಬದಲಾವಣೆಗೂ ಅದೇ ಕೋಡ್ ಓಡುತ್ತದೆ, ಆದ್ದರಿಂದ ಸೂಚನೆ ಬಂದದ್ದು ವಿಂಡೋದಿಂದಲೇ ಎಂದು ಮೊದಲು ಪರೀಕ್ಷಿಸಿ. ಆ ಕೋಡ್‌ನೊಳಗೆ ವಿಂಡೋದ ಗಾತ್ರ ಬದಲಿಸಬೇಡಿ. ಬದಲಿಸಿದರೆ ಅದೇ ಇನ್ನೊಂದು ಸೂಚನೆ ಹುಟ್ಟಿಸಿ ಸುತ್ತು ನಿಲ್ಲುವುದೇ ಇಲ್ಲ.

ಬಿಡುಗಡೆಗೆ ಮೊದಲು ಸ್ಕೇಲನ್ನು 100, 125, 150, 200ಕ್ಕೆ ಇಟ್ಟು ಒಂದೊಂದರಲ್ಲೂ ವಿಂಡೋವನ್ನು ಅತಿ ಚಿಕ್ಕದು ಮತ್ತು ಪೂರ್ತಿ ಪರದೆ ಮಾಡಿ ನೋಡಿ. ಟಿಕೆಇಂಟರ್‌ನಲ್ಲಿ ಬರೆದದ್ದು ವಿಂಡೋಸ್‌ನಲ್ಲಿ ಮಸುಕಾಗಿ ಕಂಡರೆ, ಮೊದಲ ವಿಂಡೋ ಹುಟ್ಟುವ ಮುಂಚೆಯೇ ಸೆಟ್ ಪ್ರೋಸೆಸ್ ಡಿಪಿಐ ಅವೇರ್‌ನೆಸ್ ಎಂಬ ವಿಂಡೋಸ್ ಫಂಕ್ಷನ್ ಕರೆಯಬೇಕು. ಅಲ್ಲಿಂದಾಚೆಗೆ ಸ್ಕೇಲಿಂಗ್ ಹೊಣೆ ನಿಮ್ಮದು. ಅಂಚಿನ ಅಂತರಗಳನ್ನು ಪಿಕ್ಸೆಲ್ ಬದಲು ಪಾಯಿಂಟ್‌ನಲ್ಲಿ ಕೊಡಿ, ‘6’ ಎನ್ನುವ ಬದಲು 6ರ ನಂತರ ಇಂಗ್ಲಿಷಿನ ‘ಪಿ’ ಅಕ್ಷರ ಸೇರಿಸಿದರೆ ಟಿಕೆಗೆ ಅರ್ಥವಾಗುತ್ತದೆ.

ಕೊನೆಯ ಸಲ ಇದ್ದ ಜಾಗ

ಮುಚ್ಚುವಾಗ ವಿಂಡೋದ ಗಾತ್ರ ಮತ್ತು ಜಾಗ ಉಳಿಸಿಕೊಂಡು ಮುಂದಿನ ಸಲ ಅಲ್ಲೇ ತೆರೆಯುವುದು ಬಳಸುವವರಿಗೆ ಅನುಕೂಲ. ಎರಡು ಮಾನಿಟರ್ ಇದ್ದಾಗ ಎರಡನೆಯದರಲ್ಲಿ ಮುಚ್ಚಿ, ಮರುದಿನ ಆ ಮಾನಿಟರ್ ಇಲ್ಲದೆ ತೆರೆದರೆ ವಿಂಡೋ ಎಲ್ಲೂ ಕಾಣದ ಜಾಗದಲ್ಲಿ ತೆರೆಯುತ್ತದೆ. ಕ್ಯೂಟಿಯ ರಿಸ್ಟೋರ್ ಜಿಯೊಮೆಟ್ರಿ ಇದನ್ನು ತಾನೇ ನೋಡಿಕೊಂಡು ಕಾಣುವ ಪರದೆಗೆ ತರುತ್ತದೆ. ಟಿಕೆಯಲ್ಲಿ ಉಳಿಸಿದ ಸಂಖ್ಯೆಗಳನ್ನು ಈಗಿನ ಪರದೆಯ ಅಳತೆಯೊಂದಿಗೆ ನಾವೇ ಹೋಲಿಸಿ, ಆಚೆ ಇದ್ದರೆ ಬಿಟ್ಟುಬಿಡಬೇಕು. ಪೂರ್ತಿ ಹಿಗ್ಗಿದ ಸ್ಥಿತಿಯಲ್ಲಿ ಮುಚ್ಚಿದರೆ ಆ ಗಾತ್ರವನ್ನು ಉಳಿಸದೆ, ಹಿಗ್ಗುವ ಮೊದಲಿನ ಗಾತ್ರವನ್ನೂ ‘ಹಿಗ್ಗಿತ್ತು’ ಎಂಬ ಗುರುತನ್ನೂ ಉಳಿಸಿ.

ಹೀಗೆ ಕಳೆದುಹೋದ ವಿಂಡೋ ನಿಮ್ಮ ಕಂಪ್ಯೂಟರ್‌ನಲ್ಲೇ ಇದ್ದರೆ ಟಾಸ್ಕ್‌ಬಾರ್‌ನಲ್ಲಿ ಅದರ ಐಕಾನ್ ಒತ್ತಿ, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ನಂತರ ಎಮ್ ಕೀ ಒತ್ತಿ. ಒಮ್ಮೆ ಯಾವುದಾದರೂ ಬಾಣದ ಕೀ ಒತ್ತಿದ ಮೇಲೆ ಮೌಸ್ ಅಲ್ಲಾಡಿಸಿದರೆ ವಿಂಡೋ ಅದರ ಜೊತೆ ಪರದೆಗೆ ಬರುತ್ತದೆ. ಬಂದ ಕಡೆ ಕ್ಲಿಕ್ ಮಾಡಿ ಬಿಡಿ.